ಹೊಣೆ ಯಾರದು?

"ಸಂಯುಕ್ತ ಪಾರ್ಲಿಮೆಂಟರಿ ಸರ್ಕಾರದ ಮುಖ್ಯ ಲಕ್ಷಣಗಳನ್ನು ವಿವರಿಸಿ" ಎಂಬ ಪ್ರಶ್ನೆ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಚಿರಪರಿಚಿತವಾದುದು. ಲಿಖಿತ ರಾಜ್ಯಾಂಗ, ಅಧಿಕಾರಗಳ ವಿಂಗಡಣೆ, ದ್ವಿಸದನ ಶಾಸಕಾಂಗ, ಸ್ವತಂತ್ರ ನ್ಯಾಯಾಂಗ, ಮಂತ್ರಿಮಂಡಲದ ಸಾಮೂಹಿಕ ಹೊಣೆ ಎಂದು ಒಂದರ ಕೆಳಗೊಂದು ಬರೆದು, ಹತ್ತು ಅಂಕಗಳನ್ನು ಸಂಪಾದಿಸಿ, ಪರೀಕ್ಷಾ ಮಂದಿರದಿಂದ ಹೊರಬೀಳುತ್ತಲೇ ಅದನ್ನು ಮರೆಯುವುದು ನಮ್ಮ ವಾಡಿಕೆ. ಆದರೆ ಈ ಪ್ರಶ್ನೆಗೆ ನಿಜವಾದ ಉತ್ತರ ಬೇಕಾಗಿರುವುದು ಪರೀಕ್ಷಕರಿಗಲ್ಲ. ಪಡಿತರ ಅಂಗಡಿಯ ಮುಂದೆ ನಿಂತವರಿಗೆ, ತಾಲ್ಲೂಕು ಕಛೇರಿಯ ಮೆಟ್ಟಿಲ ಮೇಲೆ ಕುಳಿತವರಿಗೆ, ಮಳೆ ಬಾರದೆ ಬಿತ್ತಿದ ಬೀಜವನ್ನು ಕಳೆದುಕೊಂಡವರಿಗೆ ಅದು ಬೇಕಾಗಿದೆ. ತಮ್ಮ ಕಷ್ಟಕ್ಕೆ ಹೊಣೆಗಾರರು ಯಾರು, ಅದನ್ನು ಯಾರ ಮುಂದೆ ಹೇಳಿಕೊಳ್ಳಬೇಕು ಎಂಬುದೇ ಅವರ ಪ್ರಶ್ನೆ. ನಮ್ಮ ಸರ್ಕಾರದ ರಚನೆಯನ್ನು ಈ ಒಂದು ದೃಷ್ಟಿಯಿಂದ ನೋಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಮ್ಮದು ಒಂದೇ ತತ್ತ್ವದ ಮೇಲೆ ನಿಂತ ಸರ್ಕಾರವಲ್ಲ. ಎರಡು ತತ್ತ್ವಗಳನ್ನು ಕೂಡಿಸಿ ಕಟ್ಟಿದ ಸರ್ಕಾರ. ಒಂದು ಪಾರ್ಲಿಮೆಂಟರಿ ತತ್ತ್ವ. ಇನ್ನೊಂದು ಸಂಯುಕ್ತ ತತ್ತ್ವ. ಅಧಿಕಾರ ನಡೆಸುವವರು ಜನರ ಪ್ರತಿನಿಧಿಗಳ ಸಭೆಗೆ ಪ್ರತಿದಿನವೂ ಉತ್ತರ ಹೇಳಬೇಕು, ಆ ಸಭೆಯ ವಿಶ್ವಾಸ ತಪ್ಪಿದ ಗಳಿಗೆಯಲ್ಲಿ ಕೆಳಗಿಳಿಯಬೇಕು ಎಂಬುದು ಮೊದಲನೆಯದರ ಸಾರ. ಅಧಿಕಾರವನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕದೆ ಇಡೀ ದೇಶಕ್ಕೊಂದು, ಅದರ ಭಾಗಗಳಿಗೆ ಒಂದೊಂದು ಎಂದು ಸರ್ಕಾರಗಳನ್ನು ಮಾಡಿ, ಪ್ರತಿಯೊಂದಕ್ಕೂ ಅದರದೇ ಆದ ಕೆಲಸವನ್ನು ರಾಜ್ಯಾಂಗದಲ್ಲಿಯೇ ಗೊತ್ತುಮಾಡುವುದು ಎರಡನೆಯದರ ಸಾರ. ಒಂದು ಅಧಿಕಾರವನ್ನು ಹೊಣೆಗೆ ಕಟ್ಟಿಹಾಕುತ್ತದೆ. ಇನ್ನೊಂದು ಅದನ್ನು ಹಂಚುತ್ತದೆ.

ಈ ಎರಡೂ ಒಂದೇ ಮನೆಯಲ್ಲಿ ಹುಟ್ಟಿದವುಗಳಲ್ಲ. ಇಂಗ್ಲೆಂಡಿನಲ್ಲಿ ಬೆಳೆದದ್ದು ಪಾರ್ಲಿಮೆಂಟರಿ ಪದ್ಧತಿ. ಅಲ್ಲಿ ಸಂಯುಕ್ತ ಪದ್ಧತಿ ಇರಲಿಲ್ಲ. ಅಮೆರಿಕದವರು 1787ರಲ್ಲಿ ಬರೆದ ರಾಜ್ಯಾಂಗದಲ್ಲಿ ಸಂಯುಕ್ತ ಪದ್ಧತಿಯನ್ನು ತಂದರು. ಆದರೆ ಅಲ್ಲಿಯ ಅಧ್ಯಕ್ಷನನ್ನು ಅವರ ಕಾಂಗ್ರೆಸ್ ಸಭೆ ಅವಿಶ್ವಾಸ ಸೂಚಿಸಿ ಇಳಿಸುವಂತಿಲ್ಲ. ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟಿದ ಕೀರ್ತಿ 1867ರಲ್ಲಿ ಕೆನಡಾಕ್ಕೂ, 1901ರಲ್ಲಿ ಆಸ್ಟ್ರೇಲಿಯಾಕ್ಕೂ ಸಲ್ಲಬೇಕು. 1950ರ ಜನವರಿ 26ರಂದು ನಾವೂ ಆ ಸಾಲಿಗೆ ಸೇರಿದೆವು. ಕೇಂದ್ರಕ್ಕೆ ಹೆಚ್ಚು ಬಲ ಕೊಡುವ ವಿಷಯದಲ್ಲಿ ನಾವು ಕೆನಡಾದ ದಾರಿಯನ್ನು ಹಿಡಿದೆವು. ಯಾವ ಪಟ್ಟಿಯಲ್ಲಿಯೂ ಹೇಳದೆ ಉಳಿದ ಅಧಿಕಾರಗಳು ಅಲ್ಲಿಯಂತೆ ಇಲ್ಲಿಯೂ ಕೇಂದ್ರಕ್ಕೇ ಸೇರಿವೆ.

1948ರ ನವೆಂಬರ್ 4ರಂದು ಕರಡು ರಾಜ್ಯಾಂಗವನ್ನು ಸಂವಿಧಾನ ಸಭೆಯ ಮುಂದಿಡುತ್ತ ಡಾಕ್ಟರ್ ಅಂಬೇಡ್ಕರ್ ಅವರು ಈ ಎರಡು ತತ್ತ್ವಗಳನ್ನೂ ಕುರಿತು ಮಾತನಾಡಿದರು. ಸರ್ಕಾರಕ್ಕೆ ಸ್ಥಿರತೆಯೂ ಬೇಕು, ಹೊಣೆಗಾರಿಕೆಯೂ ಬೇಕು. ಎರಡನ್ನೂ ಸಮಪ್ರಮಾಣದಲ್ಲಿ ಕೊಡುವ ಪದ್ಧತಿ ಇನ್ನೂ ದೊರೆತಿಲ್ಲ. ಹಾಗಿರುವಾಗ ಸ್ಥಿರತೆಗಿಂತ ಹೊಣೆಗಾರಿಕೆಯನ್ನೇ ಹೆಚ್ಚೆಂದು ಭಾವಿಸಿ ಈ ಕರಡನ್ನು ಸಿದ್ಧಪಡಿಸಲಾಗಿದೆ ಎಂಬುದು ಅವರ ಮಾತಿನ ತಾತ್ಪರ್ಯ. ಮತದಾರನು ಚುನಾವಣೆ ಬಂದಾಗ ಮಾತ್ರ ಸರ್ಕಾರವನ್ನು ಅಳೆದರೆ ಸಾಲದು. ಸಭೆಯು ಪ್ರಶ್ನೆಗಳಿಂದಲೂ, ಗೊತ್ತುವಳಿಗಳಿಂದಲೂ, ಚರ್ಚೆಗಳಿಂದಲೂ ಅದನ್ನು ದಿನದಿನವೂ ಅಳೆಯುತ್ತಿರಬೇಕು. ನಮ್ಮ ರಾಜ್ಯಾಂಗವನ್ನು ಕಟ್ಟಿದವರೇ ಹೊಣೆಗಾರಿಕೆಗೆ ಅಗ್ರಸ್ಥಾನ ಕೊಟ್ಟರೆಂಬುದನ್ನು ನಾವು ನೆನಪಿನಲ್ಲಿಡಬೇಕು.

ಕನ್ನಡಿಗರಾದ ನಮಗಂತೂ ಈ ಮಾತು ಹೊಸದಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿಯೇ, ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಪ್ರತಿನಿಧಿಗಳು ದಸರೆಯ ಸಮಯದಲ್ಲಿ ಮೈಸೂರಿಗೆ ಬಂದು ತಮ್ಮ ತಮ್ಮ ಸೀಮೆಯ ಕುಂದುಕೊರತೆಗಳನ್ನು ಹೇಳಿಕೊಳ್ಳುತ್ತಿದ್ದರು. ದಿವಾನರು ಗೌರವದಿಂದ ಕೇಳುತ್ತಿದ್ದರು. ಭಾರತದ ಇತರ ಸಂಸ್ಥಾನಗಳಿಗೆ ಇದು ಮೇಲ್ಪಂಕ್ತಿಯಾಯಿತೆಂಬುದು ನಿಜ. ಆದರೆ ಆ ಸಭೆ ಎಷ್ಟೇ ಅತೃಪ್ತವಾದರೂ ದಿವಾನರನ್ನು ಇಳಿಸುವಂತಿರಲಿಲ್ಲ. ಅವರು ಉತ್ತರ ಹೇಳಬೇಕಾಗಿದ್ದುದು ಮಹಾರಾಜರಿಗೆ. ಕೇಳಿಕೊಳ್ಳುವ ಹಕ್ಕು ಬೇರೆ, ಕೇಳುವ ಹಕ್ಕು ಬೇರೆ. ಈ ಎರಡರ ನಡುವಣ ಅಂತರಕ್ಕಾಗಿಯೇ ನಮ್ಮ ಹಿರಿಯರು ಹೋರಾಡಿದರು. 1938ರಲ್ಲಿ ಶಿವಪುರದಲ್ಲಿ ಧ್ವಜ ಹಾರಿಸಿದವರು, ಅದೇ ವರ್ಷ ವಿದುರಾಶ್ವತ್ಥದಲ್ಲಿ ಗುಂಡಿಗೆ ಬಲಿಯಾದವರು, 1947ರ ಮೈಸೂರು ಚಲೋ ಚಳವಳಿಯಲ್ಲಿ ಸೆರೆಮನೆ ಸೇರಿದವರು, ಇವರೆಲ್ಲರ ಹೋರಾಟದ ಹಿಂದೆ ಇದ್ದ ಬೇಡಿಕೆಯ ಹೆಸರೇ "ಜವಾಬ್ದಾರಿ ಸರ್ಕಾರ". ಆ ವರ್ಷ ಅಕ್ಟೋಬರ್ ತಿಂಗಳಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಾಗ ಆ ಬೇಡಿಕೆ ಕೈಗೂಡಿತು. ಪಾರ್ಲಿಮೆಂಟರಿ ಸರ್ಕಾರವೆಂಬುದು ನಮ್ಮವರು ಪ್ರಾಣಕೊಟ್ಟು ಪಡೆದುಕೊಂಡದ್ದು. ಪುಸ್ತಕದಿಂದ ಎರವಲು ತಂದದ್ದು ಮಾತ್ರವೇ ಅಲ್ಲ.

ಇನ್ನು ಕಟ್ಟಡವನ್ನು ನೋಡೋಣ. ಕೇಂದ್ರದಲ್ಲಿ ರಾಷ್ಟ್ರಪತಿಗಳು ರಾಜ್ಯದ ಮುಖ್ಯಸ್ಥರು. ಆದರೆ ಅವರು ಪ್ರಧಾನಮಂತ್ರಿಯ ನೇತೃತ್ವದ ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರು. ಮಂತ್ರಿಮಂಡಲವು ಒಟ್ಟಾಗಿ ಲೋಕಸಭೆಗೆ ಹೊಣೆ. ಇದು ಕೇವಲ ಕಾಗದದ ಮಾತಲ್ಲ. ನಮ್ಮ ರಾಜ್ಯದ ಮುಖ್ಯಮಂತ್ರಿಗಳಾಗಿದ್ದು 1996ರಲ್ಲಿ ಪ್ರಧಾನಿಗಳಾದ ಶ್ರೀ ದೇವೇಗೌಡರು 1997ರಲ್ಲಿ ಲೋಕಸಭೆಯ ವಿಶ್ವಾಸ ದೊರೆಯದೆ ಹೊರಬಂದರು. 1999ರ ಏಪ್ರಿಲ್ ತಿಂಗಳಲ್ಲಿ ಶ್ರೀ ವಾಜಪೇಯಿಯವರ ಸರ್ಕಾರ ಒಂದೇ ಒಂದು ಮತದಿಂದ ಬಿತ್ತು. ಸೈನ್ಯವಾಗಲಿ ಪೋಲೀಸರಾಗಲಿ ಅಲುಗಾಡಲಿಲ್ಲ. ತಲೆ ಎಣಿಸಿದರು, ಸರ್ಕಾರ ಇಳಿಯಿತು. ಇಷ್ಟು ದೊಡ್ಡ ದೇಶದಲ್ಲಿ ಇದು ಸಣ್ಣ ಸಾಧನೆಯೇನು?

ರಾಜ್ಯಗಳಲ್ಲಿ ಇದೇ ಅಚ್ಚಿನ ಇನ್ನೊಂದು ಕಟ್ಟಡವಿದೆ. ರಾಷ್ಟ್ರಪತಿಗಳ ಜಾಗದಲ್ಲಿ ರಾಜ್ಯಪಾಲರು, ಪ್ರಧಾನಿಯ ಜಾಗದಲ್ಲಿ ಮುಖ್ಯಮಂತ್ರಿ, ಲೋಕಸಭೆಯ ಜಾಗದಲ್ಲಿ ವಿಧಾನಸಭೆ. ನಮ್ಮ ವಿಧಾನಸಭೆಯಲ್ಲಿ ಚುನಾಯಿತ ಸದಸ್ಯರು 224, ಲೋಕಸಭೆಗೆ ನಾವು ಕಳುಹಿಸುವವರು 28, ರಾಜ್ಯಸಭೆಗೆ 12. ಅಂದರೆ ಒಬ್ಬನೇ ಮತದಾರ ಎರಡು ಸರ್ಕಾರಗಳನ್ನು ಮಾಡುತ್ತಾನೆ, ಎರಡರಿಂದಲೂ ಉತ್ತರ ಪಡೆಯುವ ಹಕ್ಕುಳ್ಳವನಾಗುತ್ತಾನೆ. ಯಾವ ಪ್ರಶ್ನೆಗೆ ಯಾರು ಉತ್ತರ ಹೇಳಬೇಕೆಂಬುದನ್ನು ರಾಜ್ಯಾಂಗದ ಏಳನೆಯ ಅನುಸೂಚಿ ನಿರ್ಧರಿಸುತ್ತದೆ. ರಕ್ಷಣೆ, ರೈಲ್ವೆ, ನಾಣ್ಯ, ಅಂಚೆ ಮುಂತಾದವು ಕೇಂದ್ರದ ಪಟ್ಟಿಯಲ್ಲಿ. ಪೋಲೀಸು, ಆಸ್ಪತ್ರೆ, ವ್ಯವಸಾಯ, ಸ್ಥಳೀಯ ಸರ್ಕಾರ ಮುಂತಾದವು ರಾಜ್ಯದ ಪಟ್ಟಿಯಲ್ಲಿ. ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ ಮೂರನೆಯದು. ಈ ಮೂರನೆಯ ಪಟ್ಟಿಯಲ್ಲಿ ಇಬ್ಬರ ಕಾಯಿದೆಗಳೂ ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಗೆಲ್ಲುವುದು ಕೇಂದ್ರದ್ದು. ನಾವು ಕಲಿಯುತ್ತಿರುವ ಈ ವಿದ್ಯೆಯೇ ಮೊದಲು ರಾಜ್ಯದ ಪಟ್ಟಿಯಲ್ಲಿತ್ತು. 1976ರ 42ನೆಯ ತಿದ್ದುಪಡಿ ಅದನ್ನೂ ಅರಣ್ಯವನ್ನೂ ಸಮವರ್ತಿ ಪಟ್ಟಿಗೆ ಸಾಗಿಸಿತು.

ಪಟ್ಟಿಗಳು ಸ್ಪಷ್ಟವಾಗಿರುವಂತೆ ಕಾಣುತ್ತವೆ. ಬದುಕು ಅಷ್ಟು ಸ್ಪಷ್ಟವಲ್ಲ. ವ್ಯವಸಾಯ ರಾಜ್ಯದ ವಿಷಯ. ಆದರೆ ಆಹಾರಧಾನ್ಯಗಳ ವ್ಯಾಪಾರ ಸಮವರ್ತಿ ವಿಷಯ. 2020ರಲ್ಲಿ ಪಾರ್ಲಿಮೆಂಟು ಮೂರು ಕೃಷಿ ಕಾಯಿದೆಗಳನ್ನು ಮಾಡಿದಾಗ ಹಿಡಿದದ್ದು ಈ ಎರಡನೆಯ ಎಳೆಯನ್ನೇ. ರೈತರು ದಿಲ್ಲಿಯ ಗಡಿಯಲ್ಲಿ ಒಂದು ವರ್ಷಕ್ಕೂ ಮಿಗಿಲಾಗಿ ಕುಳಿತ ಮೇಲೆ 2021ರಲ್ಲಿ ಅವು ರದ್ದಾದವು. ಬೆಳೆಯುವುದು ರಾಜ್ಯಕ್ಕೆ, ಮಾರುವುದು ಕೇಂದ್ರಕ್ಕೆ ಎಂದರೆ, ನೇಗಿಲು ಹಿಡಿದವನು ತನ್ನ ಮಾತನ್ನು ಯಾವ ಸಭೆಯಲ್ಲಿ ಹೇಳಬೇಕು?

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಆದುದರಿಂದ ರಜೆಯಲ್ಲಿ ಊರಿಗೆ ಹೋದರೆ ನಮ್ಮ ಜಗಲಿ ಒಂದು ಸಣ್ಣ ಕಛೇರಿಯಾಗುತ್ತದೆ. ಪಹಣಿ, ಪಡಿತರ ಚೀಟಿ, ಬೆಳೆ ವಿಮೆಯ ಕಾಗದ, ಬ್ಯಾಂಕಿನ ಪಾಸ್ ಪುಸ್ತಕ, ಹೀಗೆ ಒಂದೊಂದನ್ನು ಹಿಡಿದು ಜನ ಬರುತ್ತಾರೆ. ಒಮ್ಮೆ ನಮ್ಮ ಬೀದಿಯ ಅಜ್ಜಿಯೊಬ್ಬರು ನಾಲ್ಕು ತಿಂಗಳಿಂದ ತಮ್ಮ ಪಿಂಚಣಿ ಬಂದಿಲ್ಲವೆಂದು ಬಂದರು. ಪಂಚಾಯಿತಿಯವರು ತಾಲ್ಲೂಕಿಗೆ ಹೋಗೆಂದಿದ್ದರು. ತಾಲ್ಲೂಕಿನವರು ಬ್ಯಾಂಕಿಗೆ ಹೋಗೆಂದಿದ್ದರು. ಬ್ಯಾಂಕಿನವರು ಮೇಲಿಂದಲೇ ಬಂದಿಲ್ಲ ಎಂದು ಕೈಯಾಡಿಸಿದ್ದರು. "ಇದು ಯಾವ ಸರ್ಕಾರದ ಪಿಂಚಣಿ ಅಜ್ಜಿ?" ಎಂದು ನಾನು ವಿಚಾರಿಸಿದಾಗ ಅವರು ನನ್ನ ಮುಖವನ್ನೇ ನೋಡುತ್ತ, "ಸರ್ಕಾರ ಅಂದ್ರೆ ಎಷ್ಟವೆ ಮಗಾ?" ಎಂದರು. ಆ ಪ್ರಶ್ನೆಯನ್ನು ನಾನು ಇಂದಿಗೂ ಮರೆತಿಲ್ಲ. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲೂ ಇದೆ, ರಾಜ್ಯದ ಪಾಲೂ ಇದೆ. ಆದರೆ ಅದು ನಿಂತಾಗ ಉತ್ತರ ಹೇಳುವವರು ಮಾತ್ರ ಇಬ್ಬರಲ್ಲಿ ಒಬ್ಬರೂ ಇಲ್ಲ. ಮೇಲೆ ಎಂಬ ಒಂದು ಊರಿದೆ, ತಪ್ಪುಗಳೆಲ್ಲ ಅಲ್ಲಿಂದಲೇ ಬರುತ್ತವೆ ಎಂದು ನಮ್ಮ ಜನ ನಂಬುವಂತಾಗಿದೆ.

ಇದು ಒಬ್ಬ ಅಜ್ಜಿಯ ಪಾಡು ಮಾತ್ರವಲ್ಲ. 2023ರಲ್ಲಿ ನಮ್ಮ ರಾಜ್ಯ ಸರ್ಕಾರ ಪಡಿತರದಲ್ಲಿ ತಲೆಗೆ ಇನ್ನೂ ಐದು ಕಿಲೋ ಅಕ್ಕಿ ಕೊಡಲು ಹೊರಟಿತು. ಕೇಂದ್ರದ ಉಗ್ರಾಣದಿಂದ ಅಕ್ಕಿಯನ್ನು ಕೊಳ್ಳುವ ಯೋಚನೆ ಇತ್ತು. ಬೆಲೆ ಏರದಂತೆ ದಾಸ್ತಾನನ್ನು ಕಾಯಬೇಕೆಂಬ ಕಾರಣದಿಂದ ರಾಜ್ಯಗಳಿಗೆ ಮಾರುವುದನ್ನು ಕೇಂದ್ರ ನಿಲ್ಲಿಸಿತು. ಕೊನೆಗೆ ಅಕ್ಕಿಗೆ ಬದಲಾಗಿ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಹಣ ಬಂದಿತು. ಎರಡು ಕಡೆಯೂ ತಮ್ಮ ತಮ್ಮ ವಾದವನ್ನು ಹೇಳಿದುವು. ಯಾರ ವಾದ ಸರಿ ಎಂಬ ತೀರ್ಪು ಇಲ್ಲಿ ನನ್ನ ಉದ್ದೇಶವಲ್ಲ. ಕೊಡುವೆನೆಂದು ಭಾಷೆ ಕೊಟ್ಟ ಸರ್ಕಾರ ಒಂದು, ಧಾನ್ಯವಿದ್ದ ಸರ್ಕಾರ ಇನ್ನೊಂದು. ಪಡಿತರ ಅಂಗಡಿಯ ಮುಂದೆ ನಿಂತವನು ಇಬ್ಬರಲ್ಲಿ ಯಾರನ್ನು ಕೇಳಬೇಕೆಂದು ತಿಳಿಯದೆ ಅಂಗಡಿಯವನೊಡನೆ ಜಗಳವಾಡಿದನು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹಣದ ವಿಷಯಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚು. ಆದಾಯ ತೆರಿಗೆಯಂಥ ಬೆಳೆಯುವ ತೆರಿಗೆಗಳನ್ನು ಎತ್ತುವುದು ಕೇಂದ್ರ. ಶಾಲೆ, ಆಸ್ಪತ್ರೆ, ಪೋಲೀಸು, ನೀರಾವರಿಗಳಿಗೆ ಖರ್ಚು ಮಾಡುವುದು ಹೆಚ್ಚಾಗಿ ರಾಜ್ಯ. ಇದನ್ನು ಸರಿದೂಗಿಸಲು ಹಣಕಾಸು ಆಯೋಗವಿದೆ. ಹದಿನೈದನೆಯ ಆಯೋಗವು 2021ರಿಂದ 2026ರ ವರೆಗಿನ ಅವಧಿಗೆ ಹಂಚಬೇಕಾದ ತೆರಿಗೆಯಲ್ಲಿ ನೂರಕ್ಕೆ 41ನ್ನು ರಾಜ್ಯಗಳಿಗೆಂದು ಗೊತ್ತುಮಾಡಿತು. ಅದರೊಳಗೆ ಕರ್ನಾಟಕದ ಪಾಲು ಹಿಂದಿನ ಆಯೋಗದ 4.713ರಿಂದ 3.647ಕ್ಕೆ ಇಳಿಯಿತು. ಮೇಲ್ತೆರಿಗೆ ಮತ್ತು ಸೆಸ್ಸುಗಳಂತೂ ಹಂಚಿಕೆಯ ಲೆಕ್ಕಕ್ಕೇ ಬರುವುದಿಲ್ಲ. ಬಡರಾಜ್ಯಗಳಿಗೆ ಹೆಚ್ಚು ಕೊಡಬೇಕೆಂಬುದು ನ್ಯಾಯವಾದ ಮಾತು. ಒಂದೇ ಮನೆಯವರೆಂದ ಮೇಲೆ ಗಳಿಸುವ ಅಣ್ಣ ಗಳಿಸಲಾರದ ತಮ್ಮನಿಗೆ ಕೊಡಲೇಬೇಕು. ಆದರೆ ಎಷ್ಟು ಎತ್ತಿದರು, ಎಷ್ಟು ಹಂಚಿದರು, ಎಷ್ಟನ್ನು ಹಂಚದೆ ಇಟ್ಟುಕೊಂಡರು ಎಂಬ ಲೆಕ್ಕ ತಮ್ಮನಿಗೂ ಅಣ್ಣನಿಗೂ ಸಮಾನವಾಗಿ ತಿಳಿಯಬೇಡವೆ?

2023ರಲ್ಲಿ ಮಳೆ ಕೈಕೊಟ್ಟು ನಮ್ಮ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ರಾಜ್ಯ ಕೇಳಿದ ಪರಿಹಾರ 18,171 ಕೋಟಿ ರೂಪಾಯಿ. ತಿಂಗಳುಗಳು ಉರುಳಿದುವು. ಒಂದು ರಾಜ್ಯ ಸರ್ಕಾರ ಬರ ಪರಿಹಾರಕ್ಕಾಗಿ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಏಪ್ರಿಲ್ ತಿಂಗಳಲ್ಲಿ ಸುಮಾರು 3,450 ಕೋಟಿ ಬಂದಿತು. ರಾಜ್ಯದವರು ಕೇಂದ್ರವನ್ನು ದೂರಿದರು. ಕೇಂದ್ರದವರು ನಿಯಮಗಳನ್ನು ತೋರಿಸಿದರು. ಒಣಗಿದ ಹೊಲಕ್ಕೆ ಎರಡು ಸರ್ಕಾರಗಳ ವಾದದಿಂದ ಒಂದು ಹನಿ ನೀರೂ ಬೀಳಲಿಲ್ಲ.

ಇಲ್ಲಿ ಕೆಲವು ಮಿತ್ರರು ಒಂದು ಆಕ್ಷೇಪವನ್ನು ಎತ್ತುವುದುಂಟು: "ಇಷ್ಟೆಲ್ಲ ಗೊಂದಲ ಏಕೆ? ಬಲವಾದ ಒಂದೇ ಕೇಂದ್ರ ಸರ್ಕಾರವಿದ್ದರೆ ಸಾಲದೆ?" ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೇಶ ವಿಭಜನೆಯ ನೆತ್ತರು ಆರುವ ಮುನ್ನ ಬರೆದ ರಾಜ್ಯಾಂಗ ನಮ್ಮದು; ಕೇಂದ್ರಕ್ಕೆ ಬಲ ಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ರಾಜ್ಯಾಂಗದ ಮೊದಲನೆಯ ವಿಧಿಯೇ ಭಾರತವನ್ನು ರಾಜ್ಯಗಳ ಒಕ್ಕೂಟವೆಂದು ಕರೆದಿದೆ. ರಾಜ್ಯಗಳು ಒಪ್ಪಂದ ಮಾಡಿಕೊಂಡು ಕಟ್ಟಿದ ಕೂಟ ಇದಲ್ಲ, ಆದುದರಿಂದ ಬಿಟ್ಟುಹೋಗುವ ಹಕ್ಕೂ ಯಾರಿಗೂ ಇಲ್ಲವೆಂದು ಅಂಬೇಡ್ಕರ್ ಅವರು ವಿವರಿಸಿದ್ದರು. ರಾಜ್ಯಗಳ ಎಲ್ಲೆಯನ್ನು ಬದಲಾಯಿಸುವ ಅಧಿಕಾರವೂ ಪಾರ್ಲಿಮೆಂಟಿನದೇ. ನಮಗೆ ಆ ಅಧಿಕಾರದಿಂದ ಉಪಕಾರವೇ ಆಗಿದೆ. ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡನಾಡು 1956ರ ನವೆಂಬರ್ 1ರಂದು ಒಂದಾದದ್ದು ಪಾರ್ಲಿಮೆಂಟಿನ ಒಂದು ಕಾಯಿದೆಯಿಂದ.

ಆದರೆ ಒಂದು ಮಾತನ್ನು ಮರೆಯಬಾರದು. ಸರ್ಕಾರ ದೂರವಾದಷ್ಟೂ ಅದನ್ನು ಕೇಳುವುದು ಕಷ್ಟ. ದಿಲ್ಲಿಯಲ್ಲಿ ಕುಳಿತ 543 ಜನರ ಸಭೆಯಲ್ಲಿ ನಮ್ಮ ಹೋಬಳಿಯ ಕೆರೆಯ ಪ್ರಶ್ನೆಗೆ ಎಷ್ಟು ಹೊತ್ತು ಸಿಕ್ಕೀತು? ಅಧಿಕಾರ ಹಂಚಿಕೆ ಇರುವುದು ರಾಜ್ಯಗಳ ಪ್ರತಿಷ್ಠೆಗಾಗಿ ಅಲ್ಲ; ಉತ್ತರ ಹೇಳುವವನು ಕೇಳುವವನ ಕೂಗಳತೆಯಲ್ಲಿರಲಿ ಎಂಬುದಕ್ಕಾಗಿ. ಈ ಅರ್ಥದಲ್ಲಿ ಸಂಯುಕ್ತ ತತ್ತ್ವವು ಪಾರ್ಲಿಮೆಂಟರಿ ತತ್ತ್ವಕ್ಕೆ ಎದುರಾಳಿಯಲ್ಲ, ನೆರವಿಗೆ ಬಂದದ್ದು. ತೊಂದರೆ ಹುಟ್ಟುವುದು ಇವೆರಡೂ ಕೂಡುವ ಸಂದುಗಳಲ್ಲಿ. ಅಂಥ ಮೂರು ಸಂದುಗಳನ್ನು ಇಲ್ಲಿ ಹೇಳಬಯಸುತ್ತೇನೆ.

ಮೊದಲನೆಯದು ರಾಜ್ಯಪಾಲರ ಪದವಿ. ಅವರು ರಾಜ್ಯದ ಮುಖ್ಯಸ್ಥರು. ಆದರೆ ಅವರನ್ನು ನೇಮಿಸುವುದೂ ತೆಗೆಯುವುದೂ ಕೇಂದ್ರ. 1959ರಲ್ಲಿ ಕೇರಳದ ನಂಬೂದಿರಿಪಾಡರ ಮಂತ್ರಿಮಂಡಲ ವಿಧಾನಸಭೆಯ ಬೆಂಬಲವಿದ್ದಾಗಲೇ ಹೋಯಿತು. 1989ರ ಏಪ್ರಿಲ್ 21ರಂದು ನಮ್ಮಲ್ಲಿಯೇ ಶ್ರೀ ಎಸ್. ಆರ್. ಬೊಮ್ಮಾಯಿಯವರ ಮಂತ್ರಿಮಂಡಲ ವಜಾ ಆಯಿತು. ಸಭೆ ಕರೆಯಿರಿ, ಬಹುಮತವನ್ನು ಅಲ್ಲಿಯೇ ತೋರಿಸುತ್ತೇನೆ ಎಂದು ಅವರು ಕೇಳಿಕೊಂಡರೂ ಅವಕಾಶ ದೊರೆಯಲಿಲ್ಲ. ಐದು ವರ್ಷಗಳ ಮೇಲೆ, 1994ರ ಮಾರ್ಚ್ 11ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು: ಬಹುಮತವನ್ನು ಪರೀಕ್ಷಿಸಬೇಕಾದ ಸ್ಥಳ ರಾಜಭವನವಲ್ಲ, ವಿಧಾನಸಭೆ. ಆ ಹೊತ್ತಿಗೆ ಕಾಲ ಮಿಂಚಿತ್ತು, ಬೊಮ್ಮಾಯಿಯವರ ಸರ್ಕಾರ ಮರಳಿ ಬರಲಿಲ್ಲ. ಆದರೆ ಆ ತೀರ್ಪಿನ ಮೇಲೆ ಚುನಾಯಿತ ಸರ್ಕಾರಗಳನ್ನು ಹಾಗೆ ತಳ್ಳಿಹಾಕುವ ರೂಢಿ ಬಹಳ ಕಡಮೆಯಾಯಿತು. ಇಡೀ ಭಾರತದ ರಾಜ್ಯಗಳಿಗೆ ರಕ್ಷೆಯಾದ ಈ ತೀರ್ಪಿಗೆ ಒಬ್ಬ ಕನ್ನಡಿಗನ ಹೆಸರಿದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಈಗ ಕಲಹ ಇನ್ನೊಂದು ರೂಪವನ್ನು ತಾಳಿದೆ: ಸಭೆ ಅಂಗೀಕರಿಸಿದ ಮಸೂದೆಗಳು ರಾಜಭವನದಲ್ಲಿ ತಿಂಗಳುಗಟ್ಟಲೆ ಉಳಿಯುವುದು. 2025ರ ಏಪ್ರಿಲಿನಲ್ಲಿ ತಮಿಳುನಾಡಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ ಇದಕ್ಕೆ ಗಡುವು ವಿಧಿಸಿತು. ಅದೇ ನವೆಂಬರಿನಲ್ಲಿ ಐವರ ಪೀಠ, ಕೋರ್ಟು ಗಡುವು ವಿಧಿಸುವಂತಿಲ್ಲ, ಆದರೆ ಕಾರಣವಿಲ್ಲದೆ ಎಲ್ಲೆಯಿಲ್ಲದ ವಿಳಂಬ ಮಾಡುವಂತೆಯೂ ಇಲ್ಲ ಎಂದು ಅಭಿಪ್ರಾಯಪಟ್ಟಿತು. ಯಾವ ಸಭೆಗೂ ಉತ್ತರ ಹೇಳದ ಒಂದು ಕೈ, ಉತ್ತರ ಹೇಳಬೇಕಾದ ಸಭೆಯ ಕೆಲಸವನ್ನು ತಡೆಹಿಡಿಯುವುದು ಪಾರ್ಲಿಮೆಂಟರಿ ಧರ್ಮಕ್ಕೆ ಒಪ್ಪುವುದಿಲ್ಲವೆಂದು ನನ್ನ ನಮ್ರ ಅಭಿಪ್ರಾಯ.

ಎರಡನೆಯದು ರಾಜ್ಯಸಭೆ. ಹೆಸರೇ ಹೇಳುವಂತೆ ಅದು ರಾಜ್ಯಗಳ ಸಭೆಯಾಗಬೇಕಿತ್ತು. ಅಮೆರಿಕದ ಸೆನೆಟ್ಟಿನಲ್ಲಿ ರಾಜ್ಯ ಚಿಕ್ಕದಾಗಲಿ ದೊಡ್ಡದಾಗಲಿ ಇಬ್ಬರೇ ಸದಸ್ಯರು. ನಮ್ಮಲ್ಲಿ ಉತ್ತರ ಪ್ರದೇಶಕ್ಕೆ 31, ಕೆಲವು ಸಣ್ಣ ರಾಜ್ಯಗಳಿಗೆ ಒಂದೊಂದೇ. ಹಣದ ಮಸೂದೆಯನ್ನು ಅದು ಹದಿನಾಲ್ಕು ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. 2003ರ ತನಕ ಒಂದು ರಾಜ್ಯದ ಪ್ರತಿನಿಧಿ ಆ ರಾಜ್ಯದ ಮತದಾರನಾಗಿರಬೇಕೆಂಬ ನಿಯಮವಿತ್ತು. ಆ ವರ್ಷ ಅದನ್ನೂ ತೆಗೆದರು. ಅಂದಿನಿಂದ ಪಕ್ಷಗಳು ತಮಗೆ ಬೇಕಾದವರನ್ನು ಎಲ್ಲಿಂದಾದರೂ ಕಳುಹಿಸಬಹುದು. ನಮ್ಮ ನೀರು ನೆಲಗಳ ಪ್ರಶ್ನೆ ಬಂದಾಗ ನಮ್ಮ ಹೆಸರಿನಲ್ಲಿ ಕುಳಿತವರಿಗೆ ನಮ್ಮ ಊರಿನ ದಾರಿಯೇ ಗೊತ್ತಿಲ್ಲದಿದ್ದರೆ ಆ ಸಭೆಯಿಂದ ಪ್ರಯೋಜನವೇನು?

ಮೂರನೆಯದು ಪಕ್ಷಾಂತರ ನಿಷೇಧದ ಕಾಯಿದೆ. 1985ರಲ್ಲಿ ಹತ್ತನೆಯ ಅನುಸೂಚಿಯನ್ನು ಸೇರಿಸಿದಾಗ ಉದ್ದೇಶ ಒಳ್ಳೆಯದೇ ಇತ್ತು. ಸಂತೆಯಲ್ಲಿ ದನಗಳನ್ನು ಕೊಂಡಂತೆ ಶಾಸಕರನ್ನು ಕೊಳ್ಳುವುದನ್ನು ತಡೆಯಬೇಕಿತ್ತು. ಆದರೆ ಇದರಿಂದ ಶಾಸಕನು ತನ್ನ ಪಕ್ಷದ ಆದೇಶವನ್ನು ಮೀರಿ ಮತ ಕೊಟ್ಟರೆ ಸ್ಥಾನವನ್ನೇ ಕಳೆದುಕೊಳ್ಳಬೇಕಾಯಿತು. ದಿನದಿನವೂ ಸರ್ಕಾರವನ್ನು ಅಳೆಯಬೇಕಾದ ಸದಸ್ಯ ಪಕ್ಷದ ಅಳತೆಗೋಲಿಗೇ ಕಟ್ಟುಬಿದ್ದನು. ಇನ್ನು ಕೊಳ್ಳುವ ವ್ಯಾಪಾರವಾದರೂ ನಿಂತಿತೇ? ಅದೂ ಇಲ್ಲ. ರಾಜೀನಾಮೆ ಎಂಬ ಹಿಂಬಾಗಿಲು ತೆರೆಯಿತು. 2019ರ ಜುಲೈ 23ರಂದು ನಮ್ಮ ವಿಧಾನಸಭೆಯಲ್ಲಿ ಶ್ರೀ ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರ 99ಕ್ಕೆ 105 ಮತಗಳಿಂದ ಬೀಳುವ ಮೊದಲು ನಡೆದ ರಾಜೀನಾಮೆಗಳ ಸಾಲು, ಹೋಟೆಲುಗಳ ವಾಸ, ಇವುಗಳನ್ನು ರಾಜ್ಯವೆಲ್ಲ ನೋಡಿತು. ವಿಶ್ವಾಸದ ಮತವನ್ನಾದರೆ ಪಕ್ಷದ ಆದೇಶದಂತೆಯೇ ಹಾಕಲಿ. ಉಳಿದ ಮಸೂದೆಗಳ ಮೇಲೆ ಸದಸ್ಯನಿಗೆ ತನ್ನ ಕ್ಷೇತ್ರದ ಹಿತವನ್ನು ನೋಡಿ ಮತ ಕೊಡುವ ಸ್ವಾತಂತ್ರ್ಯವಿರಬೇಕೆಂದು ನನಗೆ ತೋರುತ್ತದೆ.

ಕೇಂದ್ರದ ಮೇಲೆ ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮನೆಯ ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ಕೇಂದ್ರ ತನ್ನನ್ನು ಕಡೆಗಣಿಸುತ್ತದೆಂದು ದೂರುವ ರಾಜ್ಯ ತನ್ನ ಪಂಚಾಯಿತಿಗಳನ್ನು ಹೇಗೆ ನಡೆಸಿಕೊಂಡಿದೆ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬಂತೆ ಅದೇ ಕಥೆ ಇಲ್ಲಿಯೂ ನಡೆಯುತ್ತದೆ. ಹಾಗೆ ನೋಡಿದರೆ ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದ ಕೆಲವು ರಾಜ್ಯಗಳಲ್ಲಿ ನಮ್ಮದೂ ಒಂದು. ಶ್ರೀ ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಗಳಾಗಿದ್ದಾಗ 1983ರ ಕಾಯಿದೆಯಂತೆ ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ಬಂದುವು. ಜಿಲ್ಲೆಯ ಅಧಿಕಾರಿಗಳು ಚುನಾಯಿತ ಅಧ್ಯಕ್ಷರ ಮುಂದೆ ಲೆಕ್ಕ ಹೇಳಬೇಕಾಯಿತು. 73ನೆಯ ತಿದ್ದುಪಡಿ ಇಡೀ ದೇಶದಲ್ಲಿ ಜಾರಿಗೆ ಬಂದದ್ದು ಅನಂತರ, 1993ರಲ್ಲಿ. ಅಂಥ ನಾಡಿನಲ್ಲಿಯೇ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಳ ಕಾಲ ಚುನಾವಣೆ ನಡೆಯಲಿಲ್ಲ; ಅಧಿಕಾರಿಗಳೇ ಆಡಳಿತ ನಡೆಸಿದರು. ಆ ಅವಧಿಯಲ್ಲಿ ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದುಹೋದುವು. ಈ ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮನಸ್ಸು. ವಿಧಾನಸಭೆಗೆ ಹೀಗೆ ಚುನಾವಣೆ ನಡೆಯದಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ದಿಲ್ಲಿಯಲ್ಲಿ ನ್ಯಾಯ ಬೇಡುವವರು ಹಳ್ಳಿಯಲ್ಲಿ ನ್ಯಾಯ ಕೊಡಲು ಕಲಿಯಬೇಕು.

ಇಷ್ಟು ತೊಡಕುಗಳಿರುವುದರಿಂದ ಪಾರ್ಲಿಮೆಂಟರಿ ಪದ್ಧತಿಯನ್ನೇ ಬಿಟ್ಟು ಅಧ್ಯಕ್ಷೀಯ ಪದ್ಧತಿಯನ್ನು ತರಬೇಕೆಂದು ಹೇಳುವವರಿದ್ದಾರೆ. ನಾನು ಇದನ್ನು ಒಪ್ಪಲಾರೆ. ಸೋರುವ ಮನೆಯನ್ನು ಹೆಂಚು ಕೈಯಾಡಿಸಿ ಸರಿಪಡಿಸಬೇಕೇ ಹೊರತು ಮನೆಯನ್ನೇ ಕೆಡವಬಾರದು. ಅವಧಿ ಮುಗಿಯುವ ತನಕ ಯಾರೂ ಅಲುಗಾಡಿಸಲಾರದ ಒಬ್ಬನನ್ನು ಆರಿಸಿ ಕೂರಿಸುವುದರಿಂದ ಸ್ಥಿರತೆ ಬಂದೀತು. ನಮ್ಮ ಅಜ್ಜಿಯ ಪ್ರಶ್ನೆಗೆ ಉತ್ತರ ಬರುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದಾಗಿ, ಜನರಿಗೆ ಮುಟ್ಟುವ ಪ್ರತಿಯೊಂದು ಯೋಜನೆಯಲ್ಲಿಯೂ ಹಣ ಯಾರದು, ಕೆಲಸ ಯಾರದು, ತಡವಾದರೆ ಉತ್ತರ ಹೇಳತಕ್ಕವರು ಯಾರು ಎಂಬ ಮೂರು ಸಾಲುಗಳನ್ನು ಪಂಚಾಯಿತಿ ಕಛೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿಸಬೇಕು. ಈಗ ಬರೆಯುವುದು ನಾಯಕರ ಭಾವಚಿತ್ರಗಳನ್ನು. ಬೇಕಾದ್ದು ಹೊಣೆಗಾರನ ವಿಳಾಸ. ಎರಡನೆಯದಾಗಿ, ಪಂಚಾಯಿತಿಗಳ ಚುನಾವಣೆ ವಿಧಾನಸಭೆಯ ಚುನಾವಣೆಯಷ್ಟೇ ಕಟ್ಟುನಿಟ್ಟಾಗಿ ನಡೆಯಬೇಕು. ಮೂರನೆಯದಾಗಿ, ಕೇಂದ್ರ ರಾಜ್ಯಗಳು ಹಣಕ್ಕಾಗಿ ಕಾದಾಡುವ ಮೊದಲು ಇಬ್ಬರೂ ಕುಳಿತು ಮಾತನಾಡುವ ಸ್ಥಳ ಬೇಕು. ರಾಜ್ಯಾಂಗದಲ್ಲಿ ಅಂತರ ರಾಜ್ಯ ಪರಿಷತ್ತಿಗೆ ಅವಕಾಶವಿದೆ, 1990ರಲ್ಲಿ ಅದನ್ನು ಸ್ಥಾಪಿಸಿದ್ದೂ ಆಗಿದೆ. ಅದು ಹಬ್ಬಕ್ಕೊಮ್ಮೆ ತೆಗೆಯುವ ಪಾತ್ರೆಯಾಗದೆ ದಿನಬಳಕೆಯದಾಗಬೇಕು.

ಕೊನೆಯದಾಗಿ, ಈ ಕೆಲಸದಲ್ಲಿ ನಮ್ಮ ಪಾಲೂ ಇದೆ. ಈ ಕಾಲೇಜಿನಲ್ಲಿ ನನ್ನಂತೆ ತಮ್ಮ ಮನೆಗೆ ಮೊದಲ ಪದವೀಧರರಾಗುವವರು ಅನೇಕರಿದ್ದಾರೆ. ನಮ್ಮ ತಂದೆತಾಯಂದಿರು ಸರ್ಕಾರವನ್ನು ಕಂಡದ್ದು ಕೈಮುಗಿದು. ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿದೆ. ಕೆಲಸ ಮಾಡುವವರು ಅದನ್ನು ಭಕ್ತಿಯಿಂದ ಮಾಡಲಿ ಎಂಬುದು ಅದರ ಅರ್ಥವೇ ಹೊರತು, ಮಾಡಿಸಿಕೊಳ್ಳುವವರು ದೇವರ ಮುಂದೆ ನಿಂತಂತೆ ನಿಲ್ಲಬೇಕೆಂದಲ್ಲ. ನಾವು ರಜೆಗೆ ಊರಿಗೆ ಹೋದಾಗ ಅರ್ಜಿ ಬರೆದುಕೊಟ್ಟು ಸುಮ್ಮನಾಗದೆ, ಈ ಅರ್ಜಿ ಯಾರಿಗೆ, ಅವರಿಗೇ ಏಕೆ, ಅವರು ಉತ್ತರ ಕೊಡದಿದ್ದರೆ ಮುಂದೆ ಯಾರಿಗೆ ಎಂಬುದನ್ನು ತಿಳಿಸಿ ಹೇಳಬೇಕು. ಮೂರು ವರ್ಷ ಓದಿದ ರಾಜ್ಯಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಕಾಣದು. ಅಧ್ಯಾಪಕರು ಇದನ್ನು ಪಾಠದ ಒಂದು ಭಾಗವಾಗಿಯೇ ಮಾಡಿ, ಪ್ರತಿ ವಿದ್ಯಾರ್ಥಿಯಿಂದಲೂ ತನ್ನ ಗ್ರಾಮ ಪಂಚಾಯಿತಿಯ ಒಂದು ವರ್ಷದ ಜಮಾ ಖರ್ಚನ್ನು ತರಿಸಿ ತರಗತಿಯಲ್ಲಿ ಚರ್ಚಿಸುವಂತೆ ಮಾಡಿದರೆ ನಾವೆಲ್ಲರೂ ಕೃತಜ್ಞರಾಗಿರುತ್ತೇವೆ.